ಕೊಡೆ ಬಿಚ್ಚಿದವಳ ಮಾತು

ಓದಕ್ಕನ ಗಂಟಲು ಕಟ್ಟಿದ್ದು ಒಂದೇ ದಿನ. ಆ ಒಂದು ದಿನದಲ್ಲಿ ತನ್ನ ಜಾಗವೇ ಹೋಗುತ್ತದೆಂದು ಗೊತ್ತಿದ್ದರೆ ಅವಳು ಕೀರಲು ದನಿಯಲ್ಲಾದರೂ ಓದಿ ಮುಗಿಸುತ್ತಿದ್ದಳು.

ಆ ಸಣ್ಣ ಊರಿನ ಕೊಡೆ ಕಾರ್ಖಾನೆಯಲ್ಲಿ ಕಟ್ಟುವ ಕೋಣೆ ಅಂತ ಒಂದಿತ್ತು. ಆಚೆ ಕೋಣೆಯಲ್ಲಿ ಹೊಲಿಗೆ ಮೆಷಿನ್ನುಗಳ ಗದ್ದಲಕ್ಕೆ ಆಡಿದ ಮಾತು ಆಡಿದವರಿಗೇ ಕೇಳದು. ಕಟ್ಟುವ ಕೋಣೆ ಹಾಗಲ್ಲ. ಅಲ್ಲಿ ಇದ್ದದ್ದು ಸೂಜಿ, ದಾರ, ಬೆರಳು ಅಷ್ಟೆ. ಹೊಲಿದು ಬಂದ ಬಟ್ಟೆಯನ್ನು ಕಡ್ಡಿಗಳ ಗೂಡಿನ ಮೇಲೆ ಹೊದಿಸಬೇಕು, ಬಟ್ಟೆಯ ಒಂದೊಂದು ಮೂಲೆಯನ್ನೂ ಒಂದೊಂದು ಕಡ್ಡಿಯ ತುದಿಗೆ ಬಿಗಿದು ಗಂಟು ಹಾಕಬೇಕು, ಕೊನೆಗೆ ಫಟ್ಟನೆ ಬಿಚ್ಚಿ ನೋಡಬೇಕು. ಗಂಟು ಸಡಿಲಾಗಿದ್ದರೆ ಮೂಲೆ ಜಾರಿ ನಾಯಿಯ ಕಿವಿಯಂತೆ ಜೋಲುತ್ತದೆ. ಕೈಗೆ ಪುರುಸೊತ್ತಿಲ್ಲ, ಕಿವಿಗೆ ಕೆಲಸವಿಲ್ಲ. ಹಾಗಾಗಿ ಆ ಕೋಣೆಯಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ ಒಂದಿತ್ತು. ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಕಟ್ಟುವುದು. ಓದುವವಳ ಪಾಲಿನ ಕೊಡೆಗಳನ್ನು ಉಳಿದವರೇ ಹಂಚಿಕೊಂಡು ಕಟ್ಟಿ ಅವಳ ರಾಶಿಗೆ ಹಾಕುವುದು. ಯಜಮಾನನಿಗೆ ಅವನ ಕೊಡೆ ಅವನಿಗೆ ಬಂದರೆ ಸಾಕು. ಈ ಪದ್ಧತಿಯನ್ನು ಅವನು ಕೊಟ್ಟದ್ದಲ್ಲ, ಅವರೇ ಮಾಡಿಕೊಂಡದ್ದು. ಬಡವರು ತಮ್ಮ ಬೆರಳಿನಿಂದ ಬೆರಳಿಗೆ ಹಂಚಿಕೊಂಡು ಕೊಂಡ ಒಂದು ಐಶ್ವರ್ಯ ಅದು.

ಆ ಐಶ್ವರ್ಯದ ಒಡತಿ ಓದಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಕೋಣೆಯ ನಡುವಿನ ಎತ್ತರದ ಸ್ಟೂಲು ಹತ್ತಿದವಳು ಇಳಿದೇ ಇರಲಿಲ್ಲ. ಪೇಪರು ಓದಿದಳು, ಕಾದಂಬರಿ ಓದಿದಳು, ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದಾಗಲೇ ಕೂಲಿಯವರ ಕಾಯಿದೆಯ ಪುಸ್ತಕವನ್ನು ಒಂದು ಅಕ್ಷರ ಬಿಡದೆ ಓದಿದಳು. ದನಿ ಎಂದರೆ ದನಿ. ಅಳುವ ಜಾಗದಲ್ಲಿ ಅಳಿಸುತ್ತಿದ್ದಳು. ಕೋಣೆಯ ಒಂದು ಗೋಡೆಗೆ ಒರಗಿ ಮೇಲ್ಬೀದಿಯ ಹೆಂಗಸರು, ಎದುರು ಗೋಡೆಗೆ ಒರಗಿ ಕೆಳಬೀದಿಯ ಹೆಂಗಸರು. ಒಂದೇ ಉಂಡೆಯ ದಾರ ಎಳೆದರೂ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದವರಲ್ಲ. ಮನುಷ್ಯರೆಲ್ಲ ಒಂದೇ ಎಂದು ಸಾರುವ ಪುಸ್ತಕಗಳನ್ನೂ ಓದಕ್ಕ ಎರಡು ಗೋಡೆಗೂ ಕೇಳುವ ಹಾಗೆ ಓದಿದ್ದಳು. ಎರಡೂ ಕಡೆಯವರು ತಲೆದೂಗಿದರು. ಕೂತಲ್ಲಿಂದ ಮಾತ್ರ ಯಾರೂ ಅಲುಗಲಿಲ್ಲ.

ಗಂಟಲು ಕಟ್ಟಿದ ದಿನ ಅವಳೇ ಕೈಸನ್ನೆ ಮಾಡಿ ತನ್ನ ಓರಗಿತ್ತಿಯನ್ನು ಕರೆದಳು. ಮೈದುನನ ಹೆಂಡತಿ, ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಕೆಲಸಕ್ಕೆ ಸೇರಿಸಿದ್ದೂ ಓದಕ್ಕನೇ. ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಅವಳು ‘ಕಿರಿಯೋಳು’.

ಕಿರಿಯೋಳು ಪುಸ್ತಕ ಹಿಡಿದು ಓದಿದ್ದು ಅಕ್ಷರ ಅಗಿದಂತಿತ್ತು. ಗಂಟಲಕ್ಕ ಅನ್ನುವ ಬಾಯಿಬಡುಕಿ ಆಕಳಿಸಿ, "ಕಿರಿಯೋಳೇ, ನೀನು ಓದ್ತಿದೀಯೋ, ಕಲ್ಲು ಆರಿಸ್ತಿದೀಯೋ?" ಅಂದಳು. ಕೋಣೆ ನಕ್ಕಿತು. ಓದಕ್ಕನ ಹೊಟ್ಟೆ ತಣ್ಣಗಾಯಿತು.

ಕಿರಿಯೋಳು ಬೇಜಾರು ಮಾಡಿಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ಸ್ಟೂಲಿನ ಮೇಲಿಟ್ಟು ನೆಲಕ್ಕೆ ಕೂತು, ಅರ್ಧಕ್ಕೆ ಬಿಟ್ಟ ತನ್ನ ಕೊಡೆಯನ್ನು ಎಳೆದುಕೊಂಡಳು.

"ನಂಗೆ ಅಕ್ಕನ ಹಾಗೆ ಓದಕ್ಕೆ ಬರಲ್ಲ. ಕಟ್ತಾ ಕಟ್ತಾ ಒಂದು ಕಥೆ ಹೇಳ್ತೀನಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ನೀವೇ ಎತ್ತಬೇಕು."

ಕಥೆ ದೊಡ್ಡದೇನಲ್ಲ. ಒಂದು ಊರು. ಅಲ್ಲಿ ಗಡಿಯಾರ ಇರುವುದು ಯಜಮಾನನ ಮನೆಯಲ್ಲಿ ಮಾತ್ರ. ಬೆಳಗಾಗುವ ಮೊದಲು ಒಬ್ಬಳು ಉದ್ದನೆಯ ಕೋಲು ಹಿಡಿದು ಬೀದಿ ಬೀದಿ ತಿರುಗಿ, ಕಿಟಕಿ ತಟ್ಟಿ, ಎಲ್ಲರನ್ನೂ ಕೆಲಸಕ್ಕೆ ಎಬ್ಬಿಸುತ್ತಾಳೆ. ಅವಳಿಗೆ ಎಬ್ಬಿಸೋಳು ಅಂತಲೇ ಹೆಸರು. ಒಂದು ದಿನ ಒಂದು ಕಿಟಕಿ ಎಷ್ಟು ತಟ್ಟಿದರೂ ತೆರೆಯುವುದಿಲ್ಲ. ಅಲ್ಲಿಗೆ ಬಂದು ಕಿರಿಯೋಳು ನಿಂತುಬಿಟ್ಟಳು. ಮುಂದೆ ಏನೆಂದು ಅವಳಿಗೇ ತಿಳಿಯದು. ಅದೇ ಹೊತ್ತಿಗೆ ಫಟ್ಟೆಂದು ಸದ್ದಾಯಿತು. ಕೊಡೆಗೆ ಹಿಡಿ ಕೂರಿಸುವುದರಲ್ಲೇ ಮುದುಕಿಯಾದ ಹಿಡಿಯಜ್ಜಿ ತನ್ನ ಕೊಡೆ ಬಿಚ್ಚಿ ನೋಡುತ್ತಿದ್ದಳು.

"ಹೇಳಜ್ಜಿ, ಕೊಡೆ ಬಿಚ್ಚಿದೀಯಲ್ಲ, ಮುಂದೇನಾಯ್ತು?" ಎಂದಳು ಕಿರಿಯೋಳು.

ಹಿಡಿಯಜ್ಜಿ ಕಡ್ಡಿಗಳ ನೆರಳಿನಲ್ಲಿ ಕೂತು ಯೋಚಿಸಿದಳು. "ಆ ಮನೇಲಿ ಯಾರೂ ಮಲಗೇ ಇಲ್ಲ ಕಣೇ. ಮಗೂಗೆ ಹುಷಾರಿಲ್ಲ. ತಾಯಿಗೆ ಎದ್ದು ಬಂದು ಕಿಟಕಿ ತೆಗೆಯೋ ತ್ರಾಣ ಇಲ್ಲ."

"ಹಂಗಾದ್ರೆ ಎಬ್ಬಿಸೋಳು ಒಳಗೆ ಹೋಗ್ಲಿ," ಎಂದು ಎದುರು ಗೋಡೆಯಿಂದ ಇನ್ನೊಬ್ಬಳು ತನ್ನ ಕೊಡೆ ಬಿಚ್ಚಿದಳು. "ಕೋಲು ಪಕ್ಕದ ಮನೆಯೋಳ ಕೈಗೆ ಕೊಡ್ಲಿ. ಮುಂದಿನ ಬೀದಿ ಅವಳು ಎಬ್ಬಿಸ್ತಾಳೆ."

ಆವತ್ತೇ ಕಾನೂನು ಹುಟ್ಟಿತು. ಕೊಡೆ ಬಿಚ್ಚಿದವಳದು ಮುಂದಿನ ಮಾತು. ಮೂಲೆ ಜಾರಿದರೆ ಮಾತಿಲ್ಲ. ಕೊಡೆಯ ಕೆಳಗೆ ಆಡಿದ್ದನ್ನು ಯಾರೂ ಅಳಿಸುವ ಹಾಗಿಲ್ಲ.

ಮರುದಿನ ಗಂಟಲು ಸರಿಮಾಡಿಕೊಂಡು ಓದಕ್ಕ ಸ್ಟೂಲು ಹತ್ತಿ ಪುಟ ತೆರೆದಳು. ಗಂಟಲಕ್ಕ ತಲೆ ಎತ್ತದೆ, "ಅಕ್ಕ, ಒಂದು ಚೂರು ಇರಿ. ಆ ಮಗು ಉಳೀತೋ ಇಲ್ವೋ ನೋಡ್ಬಿಡೋಣ," ಅಂದಳು. ಆ ಒಂದು ಚೂರು ಸಂಜೆಯವರೆಗೆ ಎಳೆಯಿತು. ಅದರ ಮರುದಿನವೂ ಎಳೆಯಿತು. ಓದಕ್ಕ ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಎತ್ತರದಲ್ಲಿ ಕೂತೇ ಇದ್ದಳು. ಯಾರೋ ಮರೆತುಹೋದ ಸಾಮಾನಿನ ಹಾಗೆ.

ವಾರ ಕಳೆಯುವುದರೊಳಗೆ ಅವಳ ಕಣ್ಣೆದುರೇ ಗೋಡೆಗಳು ಖಾಲಿಯಾದವು. ಮಾತು ಕೇಳಿಸಬೇಕಲ್ಲ, ಮೇಲ್ಬೀದಿಯವರು ಒಂದಿಷ್ಟು ಮುಂದೆ ಸರಿದರು, ಕೆಳಬೀದಿಯವರು ಒಂದಿಷ್ಟು ಮುಂದೆ ಸರಿದರು. ಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ದುಂಡಗೆ ಕೂತರು. ಇಷ್ಟು ವರ್ಷ ತಾನು ಗಂಟಲು ಹರಿದುಕೊಂಡು ಓದಿದರೂ ಅಲುಗದ ಹೆಂಗಸರು! ಓದಕ್ಕನಿಗೆ ಖುಷಿಯಾಗಬೇಕಿತ್ತು. ಆದದ್ದು ಹೊಟ್ಟೆಯಲ್ಲಿ ಮೆಣಸು ಅರೆದಂತೆ. ಸ್ಟೂಲಿನ ಮೇಲಿಂದ ಅವಳಿಗೆ ಕಾಣುತ್ತಿದ್ದದ್ದು ಬರೀ ಬೈತಲೆಗಳು.

ಕಥೆ ಕಾರ್ಖಾನೆಯ ಗೇಟು ದಾಟಿತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದವರು, "ಎಬ್ಬಿಸೋಳು ಇವತ್ತು ಯಾರ ಮನೆಗೆ ಹೋದ್ಲು?" ಎಂದು ಕೇಳುವರು. ಬೇಕರಿಯವನು ಬನ್ನು ಸುತ್ತಿಕೊಡುತ್ತ ತನ್ನ ಅಂಗಡಿಯನ್ನೂ ಆ ಊರಿನೊಳಗೆ ಸೇರಿಸಿ ಅಂದನಂತೆ, ಸೇರಿಸಿದರಂತೆ. ಕೆಳಬೀದಿಯಲ್ಲಿ ನಿಜವಾಗಿಯೂ ಒಂದು ಮಗು ಜ್ವರದಿಂದ ಮಲಗಿದಾಗ, ಎಂದೂ ಆ ಕಡೆ ತಲೆ ಹಾಕದಿದ್ದ ಮೇಲ್ಬೀದಿಯ ಒಬ್ಬಳು ಗಂಜಿ ತೆಗೆದುಕೊಂಡು ಹೋಗಿ, ಏಕೆ ಬಂದೆ ಎಂದರೆ, "ಕಥೇಲಿ ಹೋಗಿದ್ನಲ್ಲ, ಮನೆ ಗೊತ್ತಿತ್ತು," ಅಂದಳಂತೆ.

ಮನೆಯಲ್ಲೂ ಬಿಡುಗಡೆಯಿಲ್ಲ. ಊಟಕ್ಕೆ ಕೂತ ಗಂಡ ಓದಕ್ಕನ ಮುಖ ನೋಡದೆ ಸೀದಾ ತಮ್ಮನ ಹೆಂಡತಿಯನ್ನು ಕೇಳಿದ. "ಏನಮ್ಮ, ಯಜಮಾನ ಆ ಕೋಲು ಕಿತ್ಕೊಂಡ್ನಾ?"

"ಕಿತ್ಕೊಂಡ ಭಾವ. ಆದ್ರೆ ಊರೋರೆಲ್ಲ ಒಂದೊಂದು ಕೋಲು ಮಾಡ್ಕೊಂಡ್ರು."

"ಭಲೇ," ಎಂದು ಅವನು ತೊಡೆ ತಟ್ಟಿದ. ಇಷ್ಟು ವರ್ಷದ ಸಂಸಾರದಲ್ಲಿ ಓದಕ್ಕ ಏನು ಓದಿದಳೆಂದು ಕೇಳದ ಮನುಷ್ಯ. ಓದಕ್ಕ ಸಾರಿನ ಸೌಟನ್ನು ಪಾತ್ರೆಗೆ ಬಡಿದ ಸದ್ದಿಗೆ ಬೆಕ್ಕು ಎದ್ದು ಹೋಯಿತು.

"ಅಕ್ಕ, ಉಪ್ಪು ಕಮ್ಮಿ ಆಯ್ತಾ?" ಕಿರಿಯೋಳು ಕೇಳಿದಳು. ಆ ದಿನ ಅಡುಗೆ ಅವಳದು.

"ನಿಂಗೆ ಯಾವುದು ಕಮ್ಮಿ ಆಗತ್ತೆ ಬಿಡು."

ಕಿರಿಯೋಳಿಗೆ ಚುಚ್ಚಿದ್ದು ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದಳೋ. ಅವಳ ಈ ಒಳ್ಳೆಯತನವೇ ಓದಕ್ಕನಿಗೆ ಸಹಿಸಲಾಗದು. ಜಗಳಗಂಟಿಯಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು.

ಮರುದಿನ ಓದಕ್ಕ ಸ್ಟೂಲಿನಿಂದ ಇಳಿದಳು. "ನನ್ನ ಪಾಲಿನ ಕೊಡೆ ಇನ್ಮೇಲೆ ನಾನೇ ಕಟ್ಕೋತೀನಿ. ಕೇಳೋರಿಲ್ಲದ ಮೇಲೆ ಓದೋಳು ಯಾಕೆ? ಯಾರ ಹಂಗೂ ಬೇಡ ನಂಗೆ."

"ಹಂಗೆಲ್ಲ ಅನ್ಬೇಡ ತಾಯಿ," ಎಂದಳು ಹಿಡಿಯಜ್ಜಿ. "ಕೂತ್ಕೋ ಮೇಲೆ. ನಮ್ಮ ಕೈಗೆ ಅಭ್ಯಾಸ ಆಗೋಗಿದೆ, ನಿನ್ನ ಪಾಲು ತಾನಾಗೇ ಬೀಳತ್ತೆ."

ಓದಕ್ಕ ಕೂರಲಿಲ್ಲ. ಅವಳಿಗೆ ಬೇಕಾದದ್ದು ಮಾತು. ಮಾತು ಬೇಕಾದರೆ ಕೊಡೆ ಬಿಚ್ಚಬೇಕು. ಆದರೆ ಪುಟ ತಿರುಗಿಸಿದ ಬೆರಳುಗಳಿಗೆ ದಾರ ಕಚ್ಚಿತು. ಒಂದು ಮೂಲೆ ಬಿಗಿಯುವಷ್ಟರಲ್ಲಿ ಪಕ್ಕದವಳು ಕೊಡೆಯನ್ನೇ ಮುಗಿಸುತ್ತಿದ್ದಳು. ಕೊನೆಗೂ ತನ್ನದನ್ನು ಬಿಚ್ಚಿದಾಗ ಎರಡು ಮೂಲೆ ಜಾರಿ ಜೋತವು.

"ನಾಯಿಕಿವಿ," ಎಂದಳು ಗಂಟಲಕ್ಕ. "ಮಾತಿಲ್ಲ ಅಕ್ಕ. ಕಾನೂನು."

"ಇರ್ಲಿ ಬಿಡಿ, ಅಕ್ಕಂಗೆ ಒಂದು ಮಾತು ಕೊಡೋಣ," ಎಂದಳು ಕಿರಿಯೋಳು.

"ನಿನ್ನ ದಾನ ನೀನೇ ಇಟ್ಕೋ," ಎಂದು ಓದಕ್ಕ ಗಂಟು ಕಿತ್ತಳು.

ಮನೆಯ ಹಳೇ ಕೊಡೆಯೊಂದರ ಬಟ್ಟೆ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ಅವಳು ಬೆರಳು ಪಳಗಿಸಿದಳು. ಸೂಜಿ ಚುಚ್ಚಿ ರಕ್ತ ಬಂದರೆ ಬೆರಳು ಬಾಯಿಗಿಟ್ಟುಕೊಂಡು ಚೀಪುವಳು. ಆ ಹೊಟ್ಟೆಕಿಚ್ಚಿನಲ್ಲಿ ಒಂದು ಊರಿಗಾಗುವಷ್ಟು ನೀರು ಕಾಯಿಸಬಹುದಿತ್ತು. ಏನು ಹೇಳಬೇಕೆಂದು ಅವಳು ಆಗಲೇ ನಿಶ್ಚಯಿಸಿದ್ದಳು. ಕಥೆ ಇರುವವರೆಗೆ ಕಿರಿಯೋಳು ಇರುತ್ತಾಳೆ. ಕಥೆ ನಿಂತಿರುವುದು ಒಬ್ಬಳ ಮೇಲೆ.

ಆ ದಿನ ಬಂತು. ಕಿರಿಯೋಳು ಎಬ್ಬಿಸೋಳನ್ನು ಒಂದು ಬೀದಿಯ ತಿರುವಿನಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಫಟ್ಟೆಂದು ಓದಕ್ಕನ ಕೊಡೆ ಬಿಚ್ಚಿತು. ಎಲ್ಲ ಮೂಲೆಯೂ ತಂತಿಯಂತೆ ಬಿಗಿದು ನಿಂತಿದ್ದವು. ಗಂಟಲಕ್ಕ ಸುತ್ತಲೂ ಬೆರಳಾಡಿಸಿ ನೋಡಿ ಒಪ್ಪಿದಳು.

ಓದಕ್ಕ ತನ್ನ ಹಳೆಯ ಓದುವ ದನಿಯಲ್ಲಿ, ನಿಧಾನವಾಗಿ, ಒಂದೊಂದು ಅಕ್ಷರವೂ ಕೇಳುವ ಹಾಗೆ ಹೇಳಿದಳು. "ಅಲ್ಲಿಗೆ ಅವಳ ಎದೆ ಹಿಡೀತು. ಎಬ್ಬಿಸೋಳು ಸತ್ತು ಹೋದ್ಲು."

ಸೂಜಿಗಳು ನಿಂತವು. ಯಾರೋ ಮೂಗೆಳೆದರು. ಕಿರಿಯೋಳ ಮುಖ ಬಿಳಿಚಿಕೊಂಡಿತು. ಆಡಿದ್ದನ್ನು ಅಳಿಸುವ ಹಾಗಿಲ್ಲ. ಕಾನೂನು. ಓದಕ್ಕ ಕೊಡೆ ಮಡಚಿ, ಪಟ್ಟಿ ಸುತ್ತಿ, ರಾಶಿಗೆ ಹಾಕಿದಳು. ಎಷ್ಟೋ ದಿನದಿಂದ ಇಳಿಯದಿದ್ದ ತುತ್ತು ಗಂಟಲಿನಿಂದ ಇಳಿದಂತಾಯಿತು.

ಆ ಸುಖ ಒಂದು ಕೊಡೆ ಕಟ್ಟುವಷ್ಟು ಹೊತ್ತೂ ಇರಲಿಲ್ಲ. ಹಿಡಿಯಜ್ಜಿ ತನ್ನದನ್ನು ಬಿಚ್ಚಿದಳು.

"ಪಾಪ, ಹೋದ್ಲು ಮಹಾತಾಯಿ," ಎಂದು ನಿಟ್ಟುಸಿರಿಟ್ಟಳು. ಆಮೇಲೆ ಅವಳ ಬೊಚ್ಚು ಬಾಯಲ್ಲಿ ನಗು ಅರಳಿತು. "ಅವಳೇ ಇಲ್ಲ ಅಂದ್ಮೇಲೆ ಎಬ್ಬಿಸೋರು ಯಾರು? ಮಾರನೇ ದಿನ ಊರಿಗೆ ಊರೇ ಏಳಲಿಲ್ಲ."

ಕೋಣೆ ಗೊಳ್ಳೆಂದು ನಕ್ಕಿತು. ಫಟ್, ಫಟ್ ಎಂದು ಕೊಡೆಗಳು ಬಿಚ್ಚಿದವು. ಕಾರ್ಖಾನೆ ಖಾಲಿ ಬಿತ್ತು ಎಂದಳು ಒಬ್ಬಳು. ಯಜಮಾನನೇ ಕೋಲು ಹಿಡಿದು ಬೀದಿಗೆ ಬಂದ ಎಂದಳು ಇನ್ನೊಬ್ಬಳು. ಯಾವ ಕಿಟಕಿ ಯಾರದೆಂದು ಅವನಿಗೆ ಗೊತ್ತೇ ಇಲ್ಲ, ಪಕ್ಕದೂರಿಗೆ ಹೋಗಿ ತಟ್ಟಿದ ಎಂದಳು ಗಂಟಲಕ್ಕ. ಕಿರಿಯೋಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. "ಅಕ್ಕ, ನೀವು ಕೊಂದಿದ್ದಕ್ಕೇ ಕಥೆ ಬದುಕ್ತು ನೋಡಿ," ಅಂದಳು. ಓದಕ್ಕನಿಗೆ ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಇಷ್ಟೆಲ್ಲ ನಡೆಯುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಮೇಸ್ತ್ರಿ. ಅವನಿಗೆ ಕಥೆ ಕೇಳಿಸಲಿಲ್ಲ, ರಾಶಿ ಕಾಣಿಸಿತು. ಓದಕ್ಕ ಇಳಿದ ಮೇಲೂ ಉಳಿದವರ ಕೈ ಹಳೇ ರೂಢಿಯಲ್ಲೇ ಓಡುತ್ತಿತ್ತು. ಓದುವವಳಿಗೆಂದು ಕಟ್ಟುತ್ತಿದ್ದ ಕೊಡೆಗಳು ಈಗ ಯಾರದೂ ಅಲ್ಲದ ಕೊಡೆಗಳಾಗಿ ಬೀಳುತ್ತಿದ್ದವು. ಯಾರದೂ ಅಲ್ಲದ್ದು ಯಜಮಾನನದಾಗಲು ಎಷ್ಟು ಹೊತ್ತು ಬೇಕು?

"ಏನ್ರಮ್ಮ, ನೀವು ಎಷ್ಟು ಕಟ್ಟಬಲ್ಲಿರಿ ಅಂತ ನೀವೇ ತೋರಿಸಿಬಿಟ್ರಿ," ಎಂದು ಅವನು ಹಲ್ಲು ಕಿರಿದ. "ಇನ್ಮೇಲೆ ದಿನಕ್ಕೆ ಇಷ್ಟೂ ಕಟ್ಟಬೇಕು. ಕೂಲಿ ಮೊದಲಿನಷ್ಟೇ. ಕಟ್ಟಕ್ಕಾಗದೋರು ನಾಳೆಯಿಂದ ಬರೋದು ಬೇಡ." ಹೇಳುತ್ತ ಅವನು ಓದಕ್ಕನ ಸಣ್ಣ ರಾಶಿಯನ್ನು ಬೂಟಿನ ತುದಿಯಿಂದ ಮುಟ್ಟಿದ.

ಒಬ್ಬರಿಗೊಬ್ಬರು ಪ್ರೀತಿಯಿಂದ ಕೊಟ್ಟುಕೊಂಡದ್ದನ್ನು ಕಂಡೊಡನೆ ಅದಕ್ಕೆ ಕೈಹಾಕುವುದು ಯಜಮಾನರ ಜಾತಿಗುಣ. ಇವರು ಕೊಟ್ಟರೆ ದಾನ, ಅವರು ಕಿತ್ತರೆ ನಿಯಮ. ಕಾಯಿದೆಯ ಪುಸ್ತಕ ಓದಿದ್ದ ಓದಕ್ಕನಿಗೆ ಇದು ಉಳಿದವರಿಗಿಂತ ಮೊದಲು ಹೊಳೆಯಿತು. ಜೊತೆಗೆ ಇನ್ನೊಂದೂ ಹೊಳೆಯಿತು. ಬಾಗಿಲು ತೆರೆದುಕೊಟ್ಟದ್ದು ತಾನೇ. ಸಿಟ್ಟಿಗೆ ಸ್ಟೂಲು ಬಿಟ್ಟಿಳಿದದ್ದು ತಾನೇ.

ಸಂಜೆ ಮನೆಗೆ ನಡೆಯುವಾಗ ಕಿರಿಯೋಳು ಪಕ್ಕದಲ್ಲೇ ಬಂದಳು.

"ಅಕ್ಕ, ನೀವಿಲ್ಲದ ಕೋಣೆಗೆ ನಾನು ಹೋಗಲ್ಲ."

"ಹೋಗು. ನಿನ್ನ ಕಥೆ ಕೇಳಕ್ಕೆ ಕಾಯ್ತಿರ್ತಾರೆ."

"ಗಂಟಲಕ್ಕನೂ ಹೋಗಲ್ಲ. ಅಜ್ಜಿನೂ. ಎರಡೂ ಬೀದಿಯೋರೂ." ಕಿರಿಯೋಳು ನಿಂತಳು. "ನಾಳೆ ಯಾರೂ ಏಳಲ್ಲ ಅಕ್ಕ. ನಲ್ಲಿ ಹತ್ರ ಮಾತಾಗಿದೆ."

ತನ್ನನ್ನು ಉಳಿಸಲು ಊರೇ ಏಳುವುದಿಲ್ಲ. ಅದನ್ನು ಹೊಂದಿಸಿದವಳು ಇವಳು. ಯಾರ ಮೇಲೆ ಹೊಟ್ಟೆ ಉರಿಯುತ್ತದೋ ಅವಳಿಂದಲೇ ಉಪಕಾರ ಪಡೆಯುವುದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ? ಓದಕ್ಕ ಸೆರಗು ಬಿಗಿದು ನಡೆದಳು.

ಬೆಳಗಾಯಿತು. ಕಾರ್ಖಾನೆಯ ಸೈರನ್ನು ಕೂಗಿತು. ಬೀದಿಯಲ್ಲಿ ಒಂದು ಚಪ್ಪಲಿಯ ಸದ್ದಿಲ್ಲ. ಮನೆಯ ನಡುಕೋಣೆಯಲ್ಲಿ ಓರಗಿತ್ತಿಯರಿಬ್ಬರೂ ಎಚ್ಚರವಾಗಿಯೇ ಹೊದ್ದು ಮಲಗಿದ್ದರು. ಗಂಡಸರು ಹಿತ್ತಿಲಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದರು. ಸೈರನ್ನು ಇನ್ನೊಮ್ಮೆ ಕೂಗಿತು. ಆಮೇಲೆ ದೂರದಲ್ಲಿ ಬಾಗಿಲು ಬಡಿಯುವ ಸದ್ದು. ಒಂದು ಮನೆ, ಇನ್ನೊಂದು ಮನೆ. ಮೇಸ್ತ್ರಿ ಹೊರಟಿದ್ದ.

"ಯಾರಮ್ಮ ಒಳಗೆ? ಲಾರಿ ಬಂದು ನಿಂತಿದೆ. ಏಳ್ರಮ್ಮ."

ಎದುರು ಮನೆಯಿಂದ ಹಿಡಿಯಜ್ಜಿಯ ದನಿ ಹಾಯಾಗಿ ತೇಲಿಬಂತು. "ಎಬ್ಬಿಸೋಳು ಸತ್ತೋದ್ಲಪ್ಪಾ."

"ಯಾರು ಸತ್ತಿದ್ದು?" ಮೇಸ್ತ್ರಿಯ ದನಿಯಲ್ಲಿ ಗಾಬರಿ. "ಯಾರ ಮನೇಲಿ?"

"ಎಲ್ಲರ ಮನೇಲೂ," ಎಂದಳು ಅಜ್ಜಿ. ಬೀದಿಯ ಮುಚ್ಚಿದ ಕಿಟಕಿಗಳೆಲ್ಲ ಒಟ್ಟಿಗೆ ಕಿಸಕ್ಕೆಂದವು. ಬೇಕರಿಯವನೂ ಆವತ್ತು ಬಾಗಿಲು ಎತ್ತಿರಲಿಲ್ಲ.

ಕಿರಿಯೋಳು ಹೊದಿಕೆಯೊಳಗಿಂದ ಪಿಸುಗುಟ್ಟಿದಳು. "ನಿಮ್ಮ ಮಾತು ಅಕ್ಕ ಇದು. ನಂಗೆ ಸಾವಿರ ವರ್ಷ ಆದ್ರೂ ಅವಳನ್ನ ಕೊಲ್ಲಕ್ಕೆ ಮನಸ್ಸು ಬರ್ತಿರ್ಲಿಲ್ಲ."

"ಅದನ್ನ ಊರಿಗೆ ಯಾರು ಹೇಳ್ತಾರೆ? ಎಲ್ಲರ ಬಾಯಲ್ಲೂ ಕಿರಿಯೋಳ ಕಥೆ, ಕಿರಿಯೋಳ ಕಥೆ." ಹೊದಿಕೆಯೊಳಗೆ ಕತ್ತಲಿದ್ದದ್ದರಿಂದಲೋ ಏನೋ, ಮಾತು ಬಾಯಿಂದ ಜಾರಿಬಿಟ್ಟಿತು.

ಕಿರಿಯೋಳು ಅವಳ ಕಡೆ ಹೊರಳಿದಳು. "ನಂಗೂ ಹಂಗೇ ಆಗಿತ್ತು," ಅಂದಳು. "ಈ ಮನೆಗೆ ಬಂದ ದಿನದಿಂದ ಓದಕ್ಕನ ಓರಗಿತ್ತಿ, ಇಲ್ಲಾ ಕಿರಿಯೋಳು ಅಂತಲೇ ಕರೀತಿದ್ರು. ನಂಗೊಂದು ಹೆಸರಿದೆ ಅಂತ ಯಾರಿಗೂ ನೆನಪಿರ್ಲಿಲ್ಲ."

ಬಾಗಿಲಲ್ಲಿ ದಡದಡ ಸದ್ದಾಯಿತು. ಈ ಮನೆಯ ಸರದಿ. ಮನೆಯಲ್ಲಿ ದಿನವೂ ಮೊದಲು ಏಳುತ್ತಿದ್ದ ಓದಕ್ಕನ ಕಾಲು ತಾನಾಗಿ ಕೆಳಗಿಳಿಯಲು ಹೋಯಿತು. ಅವಳು ಅದನ್ನು ಎಳೆದುಕೊಂಡು ಹೊದಿಕೆಯನ್ನು ತಲೆಯವರೆಗೆ ಹೊದ್ದಳು.

ಬಿಸಿಲೇರಿದ ಮೇಲೆ ಎಲ್ಲರೂ ಗೇಟಿನ ಹತ್ತಿರ ಹೋದರು. ಮೇಸ್ತ್ರಿಯ ಬೆರಳ ಗಿಣ್ಣುಗಳು ಕೆಂಪಗಾಗಿದ್ದವು. ಒಳಗೆ ಲಾರಿ ಖಾಲಿ ನಿಂತಿತ್ತು, ಚಾಲಕ ಟೈರಿಗೆ ಒರಗಿ ಬೀಡಿ ಸೇದುತ್ತಿದ್ದ. ಮಾತಿಗೆ ಯಾರನ್ನು ಮುಂದೆ ಕಳಿಸುವುದು? ಎಲ್ಲರೂ ಕಿರಿಯೋಳ ಕಡೆ ನೋಡಿದರು. ಕಿರಿಯೋಳು ಓದಕ್ಕನ ಕಡೆ ನೋಡಿದಳು. ಇಲ್ಲೂ ಇವಳು ಬಿಟ್ಟುಕೊಟ್ಟದ್ದೇ ತನಗೆ ಸಿಗಬೇಕೇ ಎಂದು ಓದಕ್ಕನಿಗೆ ಚುರ್ ಎಂದಿತು. ಆದರೂ ಮುಂದೆ ಹೋದಳು. ಕಾಯಿದೆ ಓದಿದ ಗಂಟಲು ಅದು.

"ನಮ್ಮ ಪಾಲು ನಾವು ಕಟ್ತೀವಿ. ಮಿಕ್ಕಿದ್ದು ಓದೋಳ ಪಾಲು, ಯಜಮಾನರದ್ದಲ್ಲ. ಮೊದಲೂ ಹಂಗೇ ಇತ್ತು. ಹಂಗೇ ಇರತ್ತೆ ಅಂದ್ರೆ ಒಳಗೆ ಬರ್ತೀವಿ, ಇಲ್ಲ ಅಂದ್ರೆ ನಿದ್ದೆ ಇನ್ನೂ ಬಾಕಿ ಇದೆ."

"ಓದೋಳು ಎಲ್ಲಿದಾಳೆ? ಸ್ಟೂಲು ಖಾಲಿ ಇದ್ಯಲ್ಲ," ಎಂದ ಮೇಸ್ತ್ರಿ.

"ಇಲ್ಲೇ ಇದೀನಿ."

ಮೇಸ್ತ್ರಿ ಒಳಗೆ ಹೋದ, ಹೊರಗೆ ಬಂದ, ಮತ್ತೆ ಹೋದ. ಎರಡನೆಯ ಸಲ ಬಂದಾಗ ಗೇಟು ಪೂರ್ತಿ ತೆರೆದ. ನಿಯಮದ ಸುದ್ದಿ ಎತ್ತಲಿಲ್ಲ.

ಹೀಗೆ ಓದಕ್ಕನ ಸ್ಟೂಲು ಓದಕ್ಕನಿಗೆ ಬಂತು. ಅವಳು ಹತ್ತಿ ಕೂತು, ಎಷ್ಟೋ ದಿನದ ಹಿಂದೆ ಬೆರಳಿಟ್ಟಿದ್ದ ಪುಟವನ್ನು ತೆರೆದು ಓದತೊಡಗಿದಳು. ದನಿ ಸೊರಗಿರಲಿಲ್ಲ. ಕೋಣೆ ಕೇಳಿತು. ಕಾದಂಬರಿಯ ಹೆಂಗಸು ಗಂಡನ ಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗಲೋ ಬೇಡವೋ ಎಂದು. ಓದಕ್ಕ ಪುಟ ತಿರುಗಿಸಲು ಬೆರಳೆತ್ತಿದಳು.

ಫಟ್.

"ಅಕ್ಕ, ಅಲ್ಲೇ ನಿಲ್ಸಿ," ಎಂದಳು ಗಂಟಲಕ್ಕ ತನ್ನ ಕೊಡೆಯ ಕೆಳಗಿಂದ. "ಪುಸ್ತಕದೋನು ಏನಾದ್ರೂ ಬರ್ಕೊಂಡಿರ್ಲಿ. ಅವಳು ಒಳಗೆ ಹೋಗಲ್ಲ. ಮೊದಲು ಕಿಟಕಿಯಿಂದ ಇಣುಕಿ ನೋಡ್ತಾಳೆ."

ಎಲ್ಲರ ಮುಖವೂ ತಿರುಗಿತು. ಸ್ಟೂಲಿನ ಕಡೆಗಲ್ಲ, ಕಿರಿಯೋಳ ಕಡೆಗೆ. ಕಿಟಕಿಯೊಳಗೆ ಏನು ಕಾಣುತ್ತದೆಂದು ಅವಳು ಹೇಳಲಿ ಎಂದು. ಕಿರಿಯೋಳು ಕೊನೆಯ ಮೂಲೆಯ ಗಂಟು ಬಿಗಿಯುತ್ತಿದ್ದಳು, ತುಟಿ ಆಗಲೇ ನಗುತ್ತಿತ್ತು. ಓದಕ್ಕನ ಹೊಟ್ಟೆಯಲ್ಲಿ ಅದೇ ಹಳೇ ಮೆಣಸು ಅರೆಯಿತು. ಎಲ್ಲೂ ಹೋಗಿರಲಿಲ್ಲ ಅದು, ಹೋಗುವ ಹಾಗೂ ಕಾಣಲಿಲ್ಲ.

ಆದರೆ ಆವತ್ತು ಪುಸ್ತಕದ ಕೆಳಗೆ, ಅವಳ ತೊಡೆಯ ಮೇಲೆ, ಯಾರಿಗೂ ಕಾಣದ ಹಾಗೆ ಒಂದು ಕೊಡೆ ಇತ್ತು. ಓದುತ್ತ ಓದುತ್ತಲೇ ಎಲ್ಲ ಮೂಲೆಗಳನ್ನೂ ಕಟ್ಟಿಟ್ಟಿದ್ದಳು. ಕಿರಿಯೋಳು ಹಲ್ಲಿನಿಂದ ದಾರ ಕಡಿದು ಕೊಡೆ ಎತ್ತುವಷ್ಟರಲ್ಲಿ ಓದಕ್ಕ ಎತ್ತರದಿಂದ ತನ್ನದನ್ನು ಫಟ್ಟನೆ ಬಿಚ್ಚಿದಳು. ಪುಸ್ತಕ ನೆಲಕ್ಕೆ ಬಿತ್ತು. ಒಂದು ಮೂಲೆಯೂ ಜಾರಲಿಲ್ಲ.

"ನನ್ನ ಮಾತು," ಎಂದಳು.